ಹಳೆ ಮನೆಯ ಸೀವರ್ ಲೈನ್: ಅಗೆಸಬೇಕಾ, ಒಳಗೇ ಲೈನಿಂಗ್ ಹಾಕಿಸಬೇಕಾ, ಒಡೆಸಿ ಹೊಸದು ಎಳೆಸಬೇಕಾ?

ಕ್ಯಾಲಿಫೋರ್ನಿಯಾದ ಓಕ್‌ಲೆಂಡ್, ಬರ್ಕ್ಲಿ, ಅಲಮೇಡ ಕಡೆ ಹಳೆ ಮನೆ ಕೊಂಡ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮೂರು ಕಂಪನಿಗಳಿಂದ ಕೊಟೇಶನ್ ಬಂದಿರುತ್ತದೆ. ಒಬ್ಬರು ಅಂಗಳ ಅಗೆದು ಹೊಸ ಪೈಪ್ ಹಾಕುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಅಗೆಯೋದೇ ಬೇಡ, ಹಳೆ ಪೈಪಿನ ಒಳಗೇ ಹೊಸ ಪದರ ಕೂರಿಸುತ್ತೇವೆ ಅನ್ನುತ್ತಾರೆ. ಮೂರನೆಯವರು ಹಳೆಯದನ್ನು ಮಣ್ಣಿನೊಳಗೇ ಒಡೆದು, ಅದೇ ಜಾಗದಲ್ಲಿ ಹೊಸ ಪೈಪ್ ಎಳೆಯುತ್ತೇವೆ ಅನ್ನುತ್ತಾರೆ. ಬೆಲೆ ಒಂದಕ್ಕೊಂದು ತಾಳೆ ಆಗುವುದಿಲ್ಲ, ಎಲ್ಲರೂ ತಮ್ಮ ವಿಧಾನವೇ ಸರಿ ಅನ್ನುತ್ತಾರೆ, ಅಷ್ಟರಲ್ಲಿ ಮನೆಯ ರಿಜಿಸ್ಟ್ರೇಶನ್ ದಿನ ಹತ್ತಿರ ಬಂದಿರುತ್ತದೆ.

ಊರಿನಲ್ಲಿ ಬೆಳೆದ ನಮಗೆ ಇದು ಹೊಸ ತಲೆನೋವು. ಬೆಂಗಳೂರಿನಲ್ಲಿ ಮನೆ ಮುಂದಿನ ಯುಜಿಡಿ ಕಟ್ಟಿಕೊಂಡರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡುತ್ತೇವೆ. ಕಾಂಪೌಂಡ್ ಒಳಗಾದರೆ ಚೇಂಬರ್ ಮುಚ್ಚಳ ಎತ್ತಿಸಿ ಎಲ್ಲಿ ಕಟ್ಟಿದೆ ನೋಡಿಸಿ, ನಾಲ್ಕಡಿ ಅಗೆಸಿ ಪೈಪ್ ಬದಲಿಸುತ್ತೇವೆ. ಇಲ್ಲಿ ಆ ಥರ ಸಾಲು ಚೇಂಬರ್ ಇಲ್ಲ. ಒಂದೋ ಎರಡೋ ಕ್ಲೀನೌಟ್ (ಪೈಪ್ ತೊಳೆಯಲು ಬಿಟ್ಟ ಮುಚ್ಚಳದ ಬಾಯಿ) ಇದ್ದರೆ ಪುಣ್ಯ, ತುಂಬ ಹಳೆ ಮನೆಗಳಲ್ಲಿ ಅದೂ ಇರುವುದಿಲ್ಲ. ಈಸ್ಟ್ ಬೇ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಹಲವು ಊರುಗಳಲ್ಲಿ ಮನೆಯಿಂದ ಹೊರಟು, ಫುಟ್‌ಪಾತ್ ದಾಟಿ, ರಸ್ತೆ ಕೆಳಗಿನ ಊರಿನ ಮುಖ್ಯ ಪೈಪ್ (ಮೇನ್) ಸೇರುವವರೆಗಿನ ಇಡೀ ಪೈಪ್ ಮನೆ ಮಾಲೀಕರ ಹೊಣೆ. ಇದಕ್ಕೆ ಲ್ಯಾಟರಲ್ ಅನ್ನುತ್ತಾರೆ. ಸಾಮಾನ್ಯ ಹೋಮ್ ಇನ್‌ಸ್ಪೆಕ್ಷನ್‌ನಲ್ಲಿ ಇದನ್ನು ನೋಡುವುದಿಲ್ಲ, ಬೇರೆಯಾಗಿ ಕೇಳಿ ಮಾಡಿಸಬೇಕು. ಮನೆ ವಿಮೆಯೂ ಸವೆದು ಹಾಳಾದ ಪೈಪಿಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಸರ್ವಿಸ್ ಲೈನ್ ಕವರ್ ಅಂತ ಪ್ರತ್ಯೇಕ ಸೇರಿಸಿಕೊಂಡಿದ್ದರೆ ಮಾತ್ರ ಒಂದಿಷ್ಟು ಆಸೆ ಇಟ್ಟುಕೊಳ್ಳಬಹುದು.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲು ಪೈಪಿನ ಇಳಿಜಾರು ನೋಡಿ, ವಿಧಾನದ ಮಾತು ಆಮೇಲೆ. ಅಗೆಯದೆ ಮಾಡುವ ಕೆಲಸ ಎಷ್ಟೇ ಚೆಂದವಾಗಿದ್ದರೂ, ಇಳಿಜಾರು ಕೆಟ್ಟ ಪೈಪನ್ನು ಅದು ಸರಿಮಾಡುವುದಿಲ್ಲ. ಹತ್ತಿಪ್ಪತ್ತು ಸಾವಿರ ಡಾಲರ್ ಕೊಟ್ಟ ಮೇಲೆ ಈ ವಿಷಯ ಗೊತ್ತಾಗಬಾರದು.

ಯಾವುದನ್ನು ಅಳೆದು ನೋಡಬೇಕು

ಇಳಿಜಾರು ಅಂದರೆ ಎಷ್ಟು? ಮನೆಯ 4 ಇಂಚಿನ ಪೈಪಿಗೆ ರೂಢಿಯ ಲೆಕ್ಕ ಅಡಿಗೆ ಕಾಲು ಇಂಚು. 40 ಅಡಿ ಪೈಪಾದರೆ ಈ ತುದಿಯಿಂದ ಆ ತುದಿಗೆ 10 ಇಂಚು ಇಳಿಯಬೇಕು. ಮಣ್ಣು ಕುಸಿದು ಪೈಪಿನ ನಡುಭಾಗ ಜೋತು ಬಿದ್ದರೆ ಅಲ್ಲಿ ನೀರು ನಿಂತು, ಕಾಗದ, ಜಿಡ್ಡು ಎಲ್ಲ ತಂಗುತ್ತದೆ. ಇದಕ್ಕೆ ಇಲ್ಲಿನ ಪ್ಲಂಬರ್‌ಗಳು ಬೆಲ್ಲಿ ಅನ್ನುತ್ತಾರೆ. ಲೈನಿಂಗ್ ಹಾಕಿದರೆ ಅದು ಹಳೆ ಪೈಪಿನ ಆಕಾರವನ್ನೇ ಪಡೆಯುತ್ತದೆ. ಒಡೆದು ಎಳೆದರೆ ಹೊಸ ಪೈಪ್ ಹಳೆಯದರ ದಾರಿಯಲ್ಲೇ ಹೋಗುತ್ತದೆ. ಎರಡರಲ್ಲೂ ಜೋತು ಬಿದ್ದದ್ದು ಜೋತೇ ಇರುತ್ತದೆ.

ಎರಡನೆಯದು ಪೈಪ್ ಯಾವುದರದ್ದು ಅನ್ನೋದು. ಹಳೆ ಮನೆಗಳಲ್ಲಿ ಸುಟ್ಟ ಜೇಡಿಮಣ್ಣಿನ ಪೈಪ್ ಜಾಸ್ತಿ. ಅದು ತುಂಡು ತುಂಡಾಗಿ ಜೋಡಿಸಿದ್ದು, ಎರಡು ಮೂರು ಅಡಿಗೊಂದು ಜಾಯಿಂಟ್, ಪ್ರತಿ ಜಾಯಿಂಟೂ ಮರದ ಬೇರಿಗೆ ಬಾಗಿಲು. ಮನೆ ಕೆಳಗೆ ಬೀಡುಕಬ್ಬಿಣ ಇರುತ್ತದೆ, ಒಳಗೆ ತುಕ್ಕು ಹಿಡಿದು ದಾರಿ ಕಿರಿದಾಗಿರುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ ಮನೆಗಳಲ್ಲಿ ಆರೆಂಜ್‌ಬರ್ಗ್ ಸಿಗಬಹುದು. ಅದು ಮರದ ನಾರಿಗೆ ಡಾಂಬರು ಕುಡಿಸಿ ಮಾಡಿದ ಪೈಪ್, 1970ರ ದಶಕದ ಹೊತ್ತಿಗೆ ಅದರ ಕಾಲ ಮುಗಿಯಿತು. ಮಣ್ಣಿನ ಭಾರಕ್ಕೆ ಅದು ಚಪ್ಪಟೆಯಾಗುತ್ತಾ, ಒಳಗೆ ಗುಳ್ಳೆ ಏಳುತ್ತಾ ಹೋಗುತ್ತದೆ.

ಉಳಿದವು ಹೀಗೆ: ಪೈಪಿನ ಮೇಲೆ ಏನಿದೆ, ಎಷ್ಟು ಆಳದಲ್ಲಿದೆ, ಪಕ್ಕದಲ್ಲಿ ಗ್ಯಾಸ್ ಅಥವಾ ನೀರಿನ ಲೈನ್ ಇದೆಯಾ, ನಡುವೆ ಎಷ್ಟು ಕವಲು ಸೇರುತ್ತವೆ, ನೀವು ಆ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ. ದುಡ್ಡಿನ ವಿಷಯ ಇವೆಲ್ಲದರ ಮೇಲೆ ನಿಂತಿದೆ.

ಕ್ಯಾಮೆರಾ ವಿಡಿಯೋ ಓದೋದು ಹೇಗೆ

ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಲು ಕೆಲವು ನೂರು ಡಾಲರ್ ಆಗುತ್ತದೆ, ಸುಮ್ನೆ ಉಳಿಸಲು ಹೋಗಬೇಡಿ. ಆಗೋದಾದರೆ ರಿಪೇರಿ ಕೆಲಸ ಮಾಡದವರಿಂದ ಮಾಡಿಸಿ. ಉಚಿತ ತಪಾಸಣೆ ಅಂತ ಬಂದವರು ಕೊಡುವ ರಿಪೋರ್ಟಿನಲ್ಲಿ ಅವರು ಮಾರುವ ವಿಧಾನವೇ ಪರಿಹಾರವಾಗಿ ಬರೋದು ಸಾಮಾನ್ಯ. ನನ್ನ ಗೆಳತಿಯೊಬ್ಬಳಿಗೆ ಒಂದು ಕಂಪನಿ ಪೈಪ್ ಪೂರ್ತಿ ಹೋಗಿದೆ, ತಕ್ಷಣ ಲೈನಿಂಗ್ ಮಾಡಿಸಿ ಅಂತ ಬರೆದುಕೊಟ್ಟಿತು. ಬೇರೆಯವರು ಬೇರು ಕತ್ತರಿಸಿ, ತೊಳೆದು ಮತ್ತೆ ಕ್ಯಾಮೆರಾ ಬಿಟ್ಟಾಗ ಬಿರುಕು ಇದ್ದದ್ದು ಫುಟ್‌ಪಾತ್ ಹತ್ತಿರದ ಒಂದೇ ತುಂಡಿನಲ್ಲಿ.

ವಿಡಿಯೋದ ಮೂಲೆಯಲ್ಲಿ ಅಡಿಗಳ ಲೆಕ್ಕ ಓಡುತ್ತಿರುತ್ತದೆ, ಅದರ ಮೇಲೆ ಕಣ್ಣಿಡಿ. ಜೇಡಿಮಣ್ಣಿನ ಪೈಪಾದರೆ ಜಾಯಿಂಟ್‌ಗಳು ಬಳೆಗಳಂತೆ ಒಂದರ ಹಿಂದೊಂದು ದಾಟುತ್ತವೆ. ಬೇರು ಬಂದ ಕಡೆ ಮೇಲಿನಿಂದ ಕೂದಲಿನಂಥ ಎಳೆಗಳು ಇಳಿಬಿದ್ದಿರುತ್ತವೆ, ಅದಕ್ಕೆ ಒದ್ದೆ ಕಾಗದ ಸಿಕ್ಕಿಕೊಂಡಿರುತ್ತದೆ. ಮುಂದೆ ಎಲ್ಲೋ ಒಂದು ಕಡೆ ನೀರಿನ ಗೆರೆ ಮೆಲ್ಲಗೆ ಏರಿ, ಕ್ಯಾಮೆರಾ ಮುಳುಗಿ, ಪರದೆ ಮಂಜಾಗಿ, ಕೆಲವು ಅಡಿ ಆದ ಮೇಲೆ ಮತ್ತೆ ತೇಲಿ ಬರುತ್ತದೆ. ಎಷ್ಟನೇ ಅಡಿಯಲ್ಲಿ ಮುಳುಗಿತು, ಎಷ್ಟರಲ್ಲಿ ಎದ್ದಿತು ಅಂತ ಬರೆದುಕೊಳ್ಳಿ. ಆದರೆ ಒಂದು ಎಚ್ಚರ ಬೇಕು. ಮುಂದೆ ಬೇರು ಕಟ್ಟಿಕೊಂಡಿದ್ದರೆ ಅದರ ಹಿಂದೆಯೂ ನೀರು ನಿಲ್ಲುತ್ತದೆ, ನೋಡಲು ಬೆಲ್ಲಿ ಥರವೇ ಇರುತ್ತದೆ. ಹಾಗಾಗಿ ಜೋರು ನೀರಿನಿಂದ ತೊಳೆಸಿ, ಮತ್ತೊಮ್ಮೆ ಕ್ಯಾಮೆರಾ ಬಿಡಿಸಿ. ಆಗಲೂ ಅದೇ ಜಾಗದಲ್ಲಿ ನೀರು ನಿಂತರೆ ನಿಜವಾಗಿಯೂ ಇಳಿಜಾರು ಕೆಟ್ಟಿದೆ. ವಿಡಿಯೋ ಫೈಲ್ ನಿಮ್ಮ ಕೈಗೆ ತಗೊಳ್ಳಿ, ಉಳಿದ ಕಂಪನಿಗಳಿಗೆ ಅದನ್ನೇ ತೋರಿಸಿ ಕೊಟೇಶನ್ ಕೇಳಿ.

ತೊಳೆಸಿ ದಿನ ತಳ್ಳೋದು, ಒಂದೇ ಕಡೆ ರಿಪೇರಿ

ಪೈಪ್ ಗಟ್ಟಿಯಾಗಿದ್ದು ಬೇರು ಮಾತ್ರ ತೊಂದರೆ ಆಗಿದ್ದರೆ, ಆಗಾಗ ಬೇರು ಕತ್ತರಿಸಿ ತೊಳೆಸಿಕೊಂಡು ಒಂದಷ್ಟು ವರ್ಷ ಕಳೆಯಬಹುದು. ಖರ್ಚು ಕಮ್ಮಿ. ಬೇರು ಮತ್ತೆ ಬಂದೇ ಬರುತ್ತದೆ ಅನ್ನೋದು ಗೊತ್ತಿರಲಿ. ಬೇರು ಸಾಯಿಸಲು ಮೈಲುತುತ್ತ ಸುರಿಯುವ ಹಳೆ ಪದ್ಧತಿ ಬೇ ಏರಿಯಾದ 9 ಕೌಂಟಿಗಳಲ್ಲಿ ನಿಷೇಧ, ಅದರಲ್ಲಿರುವ ತಾಮ್ರ ಕೊಲ್ಲಿಯ ನೀರಿನ ಜೀವಿಗಳಿಗೆ ವಿಷ. ಬಿರುಕು ಒಂದೇ ಕಡೆ ಇದ್ದರೆ ಅಲ್ಲಿ ಮಾತ್ರ ಅಗೆದು ತುಂಡು ಬದಲಿಸಬಹುದು, ಇಲ್ಲವೇ ಎರಡು ಮೂರು ಅಡಿಯ ತೇಪೆ ಲೈನಿಂಗ್ ಹಾಕಿಸಬಹುದು. ಗೆಳತಿ ಮಾಡಿಸಿದ್ದು ಇದನ್ನೇ. ಮಾರುವ ಯೋಚನೆ ಸದ್ಯಕ್ಕೆ ಇಲ್ಲದವರಿಗೆ ಇದು ಒಳ್ಳೆಯ ದಾರಿ. ಮಾರುವವರಿಗೆ ಇದು ಸಾಲದೇ ಹೋಗಬಹುದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೈನಿಂಗ್

ಇದು 1971ರಲ್ಲಿ ಲಂಡನ್ನಿನಲ್ಲಿ ಶುರುವಾದ ವಿಧಾನ. ಉಣ್ಣೆಬಟ್ಟೆಯಂಥ ದಪ್ಪ ಫೆಲ್ಟ್ ಅಥವಾ ಫೈಬರ್‌ಗ್ಲಾಸ್ ಕೊಳವೆಗೆ ಅಂಟು ರಾಳ ಕುಡಿಸುತ್ತಾರೆ. ಅದನ್ನು ಕ್ಲೀನೌಟ್‌ನಿಂದ ಗಾಳಿಯ ಒತ್ತಡದಲ್ಲಿ ಒಳಮೈ ಹೊರಗಾಗುವಂತೆ ತಿರುವುತ್ತಾ ಪೈಪಿನೊಳಗೆ ತಳ್ಳುತ್ತಾರೆ, ಹಾಗಾಗಿ ರಾಳ ಇರುವ ಮೈ ಹಳೆ ಪೈಪಿಗೆ ಒತ್ತಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಹಬೆ ಅಥವಾ ಅಲ್ಟ್ರಾವಯಲೆಟ್ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಸುಮ್ಮನೆ ಬಿಟ್ಟರೂ ಕೆಲವು ಗಂಟೆಗಳಲ್ಲಿ ಗಟ್ಟಿಯಾಗುವ ರಾಳವೂ ಇದೆ. ಕೊನೆಗೆ ಹಳೆ ಪೈಪಿನೊಳಗೆ ಜಾಯಿಂಟೇ ಇಲ್ಲದ, ಕೆಲವು ಮಿಲಿಮೀಟರ್ ದಪ್ಪದ ಹೊಸ ಪೈಪ್ ಉಳಿಯುತ್ತದೆ. ಒಳಗಿನ ಅಗಲ ಸ್ವಲ್ಪ ಕಮ್ಮಿಯಾದರೂ ಮೈ ನುಣುಪಾಗಿರುವುದರಿಂದ ನೀರು ಸಲೀಸಾಗಿ ಹೋಗುತ್ತದೆ.

ಇದರ ದೊಡ್ಡ ಲಾಭ ಮೇಲಿನದೇನೂ ಹಾಳಾಗದು. ಮನೆ ಕೆಳಗಿನ ಕಾಂಕ್ರೀಟ್ ನೆಲ, ಹೊಸದಾಗಿ ಹಾಕಿಸಿದ ಡ್ರೈವ್‌ವೇ, ಹತ್ತಡಿ ಆಳದ ಪೈಪ್, ರಸ್ತೆ ದಾಟುವ ಭಾಗ, ಇಂಥ ಕಡೆಗಳಲ್ಲಿ ಲೈನಿಂಗ್‌ಗೆ ಸರಿಸಾಟಿ ಇಲ್ಲ. ಸಣ್ಣಪುಟ್ಟ ತಿರುವುಗಳನ್ನೂ ದಾಟುತ್ತದೆ. ಕವಲುಗಳು ಮುಚ್ಚಿಹೋಗುತ್ತವೆ, ಅವನ್ನು ಒಳಗಿನಿಂದಲೇ ಕಟರ್ ಬಿಟ್ಟು ತೆರೆಯಬೇಕು. ಎಷ್ಟು ಕವಲಿವೆ ಅಂತ ಮೊದಲೇ ಲೆಕ್ಕ ಇಲ್ಲದಿದ್ದರೆ ಒಂದು ಬಾತ್‌ರೂಮಿನ ನೀರು ಹೋಗೋ ದಾರಿ ಮುಚ್ಚಿಯೇ ಉಳಿಯುತ್ತದೆ.

ಇನ್ನು ಇದರ ತೊಂದರೆಗಳು. ಹಳೆ ಪೈಪಿಗೆ ಕೊಳವೆಯ ಆಕಾರ ಉಳಿದಿರಬೇಕು. ಪೂರ್ತಿ ಕುಸಿದಿದ್ದರೆ ಒಳಗೆ ಏನೂ ಹೋಗಲಾರದು. ಚಪ್ಪಟೆಯಾದ ಆರೆಂಜ್‌ಬರ್ಗ್‌ಗೆ ಲೈನಿಂಗ್ ಹಾಕುತ್ತೇವೆ ಅಂದರೆ ನಾನಂತೂ ಒಪ್ಪುವುದಿಲ್ಲ. ಅದನ್ನು ಮೊದಲು ತೊಳೆಯಬೇಕಲ್ವಾ, ತೊಳೆಯುವಾಗಲೇ ಅದರ ಪದರ ಕಿತ್ತು ಬರುತ್ತದೆ. ತಯಾರಿ ಸರಿಯಿಲ್ಲದಿದ್ದರೆ ಬೇರಿನ ಬುಡ, ತುಕ್ಕಿನ ಹಳಕು ಎಲ್ಲ ಲೈನಿಂಗ್ ಹಿಂದೆ ಉಬ್ಬಾಗಿ ಉಳಿಯುತ್ತದೆ. ರಾಳಕ್ಕೆ ಹೊತ್ತಿನ ಲೆಕ್ಕ ಇದೆ. ತಳ್ಳುವಾಗ ಎಲ್ಲೋ ಸಿಕ್ಕಿಕೊಂಡು ಅಲ್ಲೇ ಗಟ್ಟಿಯಾದರೆ, ಕತ್ತರಿಸಿ ತೆಗೆಯಬೇಕು ಇಲ್ಲವೇ ಅಗೆಯಲೇಬೇಕು. ಅಂಥ ಸಂದರ್ಭದಲ್ಲಿ ಖರ್ಚು ಯಾರದ್ದು ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳಿ. ವಾಸನೆ ವಿಷಯವೂ ಕೇಳಿ. ಕೆಲವು ಪಾಲಿಯೆಸ್ಟರ್ ರಾಳಗಳಲ್ಲಿ ಸ್ಟೈರೀನ್ ಇರುತ್ತದೆ, ಗಟ್ಟಿಯಾಗುವಾಗ ಕಟುವಾದ ವಾಸನೆ ಬರುತ್ತದೆ. ಮಕ್ಕಳು, ಉಬ್ಬಸ ಇರುವವರು ಮನೆಯಲ್ಲಿದ್ದರೆ ಸ್ಟೈರೀನ್ ಇಲ್ಲದ ಎಪಾಕ್ಸಿ ಕೇಳಿ. ಬಳಸದ ಬಾತ್‌ರೂಮಿನ ಟ್ರ್ಯಾಪ್‌ಗಳಿಗೂ (ನೀರು ನಿಂತು ವಾಸನೆ ತಡೆಯುವ ಪೈಪಿನ ಬಾಗು) ಕೆಲಸಕ್ಕೆ ಮುಂಚೆ ನೀರು ಸುರಿದಿಡಿ, ಒಣಗಿದ್ದರೆ ವಾಸನೆ ಅಲ್ಲಿಂದಲೇ ಒಳಗೆ ಬರುತ್ತದೆ.

ಒಡೆದು ಎಳೆಯೋದು

ಪೈಪ್ ಬರ್ಸ್ಟಿಂಗ್ ಅನ್ನೋದು ಇದನ್ನೇ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹಳೆ ಬೀಡುಕಬ್ಬಿಣದ ಗ್ಯಾಸ್ ಪೈಪ್ ಬದಲಿಸಲು ಹುಟ್ಟಿದ ಉಪಾಯ. ಮನೆ ಹತ್ತಿರ ಒಂದು ಗುಂಡಿ, ರಸ್ತೆ ಕಡೆ ಒಂದು ಗುಂಡಿ. ಹಳೆ ಪೈಪಿನೊಳಗೆ ಉಕ್ಕಿನ ಹಗ್ಗ ಪೋಣಿಸಿ, ಅದರ ತುದಿಗೆ ಶಂಕುವಿನಾಕಾರದ ತಲೆ, ಅದರ ಬೆನ್ನಿಗೆ ಹೊಸ ಪೈಪ್. ಹೈಡ್ರಾಲಿಕ್ ಯಂತ್ರ ಎಳೆಯುತ್ತಾ ಹೋದಂತೆ ಹಳೆ ಪೈಪ್ ಚೂರಾಗಿ ಸುತ್ತಲಿನ ಮಣ್ಣಿಗೆ ಸೇರುತ್ತದೆ, ಹೊಸದು ಆ ಜಾಗಕ್ಕೆ ಬರುತ್ತದೆ. ಹೊಸದು ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್, ತುಂಡುಗಳನ್ನು ಬಿಸಿ ಫಲಕಕ್ಕೆ ಒತ್ತಿ ಕರಗಿಸಿ ಬೆಸೆದಿರುತ್ತಾರೆ. ಜಾಯಿಂಟ್ ಅಂತ ಇಲ್ಲದ್ದರಿಂದ ಬೇರಿಗೆ ದಾರಿ ಇಲ್ಲ.

ನನ್ನ ಮಟ್ಟಿಗೆ, ನೇರವಾಗಿ ರಸ್ತೆಗೆ ಹೋಗುವ, ಇಳಿಜಾರು ಸರಿಯಿರುವ, ಒಳಗೆ ಒಡೆದು ಚೂರಾದ ಜೇಡಿಮಣ್ಣಿನ ಪೈಪಿಗೆ ಇದೇ ಸರಿಯಾದ ಆಯ್ಕೆ. ಹಳೆಯದರ ಗಟ್ಟಿತನವನ್ನು ನಂಬಿ ಕೂರುವುದಿಲ್ಲ, ಪೂರ್ತಿ ಹೊಸ ಪೈಪೇ ಸಿಗುತ್ತದೆ. ಬೇಕಾದರೆ 4 ಇಂಚಿದ್ದಲ್ಲಿ 6 ಇಂಚಿನದ್ದನ್ನೂ ಎಳೆಯಬಹುದು. ಹಿತ್ತಲಲ್ಲಿ ಇನ್ನೊಂದು ಮನೆ ಕಟ್ಟಿಸುವ ಯೋಚನೆ ಇದ್ದರೆ ಇದು ನೆನಪಿರಲಿ. ಹಗ್ಗ ತೂರುವಷ್ಟು ದಾರಿಯಿದ್ದರೆ ಚಪ್ಪಟೆಯಾದ ಆರೆಂಜ್‌ಬರ್ಗ್‌ಗೂ ಆಗುತ್ತದೆ.

ಆದರೆ ಒಡೆದ ಚೂರು, ತಳ್ಳಲ್ಪಟ್ಟ ಮಣ್ಣು ಎಲ್ಲಾದರೂ ಹೋಗಬೇಕಲ್ಲ. ಪೈಪ್ ತೀರಾ ಮೇಲಿದ್ದರೆ ಫುಟ್‌ಪಾತ್ ಉಬ್ಬಬಹುದು. ಗ್ಯಾಸ್ ಲೈನ್ ಹತ್ತಿರ ದಾಟಿದರೆ ಆ ಜಾಗದಲ್ಲಿ ಮೊದಲೇ ಗುಂಡಿ ತೋಡಿ, ಆ ಲೈನನ್ನು ಕಣ್ಣಾರೆ ನೋಡಿ, ಆಮೇಲೆ ಎಳೆಯಬೇಕು. ಇದರಲ್ಲಿ ರಾಜಿ ಬೇಡ. ಹಿಂದೆ ಯಾರೋ ರಿಪೇರಿಗೆ ಕಾಂಕ್ರೀಟ್ ಸುರಿದಿದ್ದರೆ ತಲೆ ಅಲ್ಲೇ ನಿಲ್ಲುತ್ತದೆ. ಕಡಿದಾದ ತಿರುವಿದ್ದರೆ ಅಲ್ಲೊಂದು ಗುಂಡಿ, ಪ್ರತಿ ಕವಲಿಗೂ ಒಂದು ಗುಂಡಿ. ನಾಲ್ಕೈದು ಗುಂಡಿ ಆಗುವಂತಿದ್ದರೆ ಅಗೆಯದೆ ಮಾಡಿದ ಲಾಭ ಅಷ್ಟೇನೂ ಉಳಿಯದು.

ಅಗೆದು ಹಾಕೋದು

ಹಳೆಯದು ಅಂತ ಇದನ್ನು ತಳ್ಳಿಹಾಕಬೇಡಿ. ಬೆಲ್ಲಿ ಇದ್ದರೆ, ಇಳಿಜಾರು ಉಲ್ಟಾ ಆಗಿದ್ದರೆ, ಪೈಪಿನ ದಾರಿಯನ್ನೇ ಬದಲಿಸಬೇಕಿದ್ದರೆ ಸರಿಯಾದ ಪರಿಹಾರ ಇದೊಂದೇ. ಮಟ್ಟ ಹಿಡಿದು, ಕೆಳಗೆ ಮರಳು ಹಾಸಿ, ಕಣ್ಣೆದುರೇ ಇಳಿಜಾರು ಕೂರಿಸಬಹುದು. ಮೂರಡಿ ಆಳದಲ್ಲಿ, ಬರೀ ಹುಲ್ಲಿನ ಕೆಳಗೆ ಹೋಗುವ ಪೈಪಾದರೆ ಬಹಳ ಸಲ ಇದೇ ಅಗ್ಗ. ಆಳ 5 ಅಡಿ ಮುಟ್ಟಿದರೆ ಕೆಲಸಗಾರರ ಮೇಲೆ ಮಣ್ಣು ಕುಸಿಯದಂತೆ ಆಧಾರ ಕೊಡಬೇಕು ಅನ್ನೋದು ಕಾನೂನು, ಅಲ್ಲಿಂದ ಖರ್ಚು ಏರುತ್ತದೆ. ಆಧಾರವಿಲ್ಲದ ಆಳದ ಗುಂಡಿಗೆ ಯಾರನ್ನಾದರೂ ಇಳಿಸುತ್ತಿದ್ದರೆ ಕೆಲಸ ನಿಲ್ಲಿಸಿ, ಜೀವದ ಪ್ರಶ್ನೆ ಅದು. ರಸ್ತೆ ಕತ್ತರಿಸಬೇಕಾದರೆ ಪರ್ಮಿಟ್, ಮತ್ತೆ ಡಾಂಬರು, ಟ್ರಾಫಿಕ್ ವ್ಯವಸ್ಥೆ ಎಲ್ಲ ಸೇರುತ್ತದೆ. ಮರವನ್ನೂ ಲೆಕ್ಕಕ್ಕೆ ತಗೊಳ್ಳಿ. ಓಕ್‌ಲೆಂಡ್‌ನಲ್ಲಿ ಕೋಸ್ಟ್ ಲೈವ್ ಓಕ್ ಮರದ ಕಾಂಡ 4 ಇಂಚು ಅಗಲ ಇದ್ದರೂ ಅದು ರಕ್ಷಿತ ಮರ. ಅದರ ಬುಡದ ಪಕ್ಕ ಉದ್ದಕ್ಕೆ ಅಗೆದು ಬೇರು ಕಡಿಯುವುದಕ್ಕಿಂತ ಬರ್ಸ್ಟಿಂಗೋ ಲೈನಿಂಗೋ ಎಷ್ಟೋ ಮೇಲು.

ಒಂದೇ ಪೈಪಿಗೆ ಎರಡು ವಿಧಾನ ಸೇರಿಸಬಹುದು ಅನ್ನೋದನ್ನು ಬಹಳ ಜನ ಕೇಳುವುದೇ ಇಲ್ಲ. ಬೆಲ್ಲಿ ಇರುವ ಹನ್ನೆರಡು ಅಡಿ ಅಗೆದು ಸರಿಮಾಡಿ, ಉಳಿದದ್ದನ್ನು ಒಡೆದು ಎಳೆಯಬಹುದು. ಮನೆ ಕೆಳಗೆ ಲೈನಿಂಗ್, ಅಂಗಳದಲ್ಲಿ ಬರ್ಸ್ಟಿಂಗ್ ಮಾಡಬಹುದು.

ದುಡ್ಡು ಮತ್ತು ಸರ್ಟಿಫಿಕೇಟ್

ಅಮೆರಿಕದಲ್ಲಿ ಸಾಮಾನ್ಯವಾಗಿ ಕೇಳಿಬರುವ ದರ ಲೈನಿಂಗ್‌ಗೆ ಅಡಿಗೆ 80ರಿಂದ 250 ಡಾಲರ್, ಬರ್ಸ್ಟಿಂಗ್‌ಗೆ 60ರಿಂದ 200, ಅಗೆಯಲು 50ರಿಂದ 250. ಈ ಅಂತರ ನೋಡಿದರೇ ಗೊತ್ತಾಗುತ್ತದೆ, ಅಡಿಯ ದರದಿಂದ ಏನೂ ತೀರ್ಮಾನ ಆಗಲ್ಲ. ಯಂತ್ರ ತರುವ ಖರ್ಚು ಪೈಪ್ ಗಿಡ್ಡವಿದ್ದರೂ ಅಷ್ಟೇ, ಹಾಗಾಗಿ 20 ಅಡಿ ಕೆಲಸಕ್ಕೆ ಅಡಿಯ ಲೆಕ್ಕದಲ್ಲಿ ಜಾಸ್ತಿ ಬೀಳುತ್ತದೆ. ಒಟ್ಟು ಮೊತ್ತ ಹೋಲಿಸಿ. ಅದರಲ್ಲಿ ಪರ್ಮಿಟ್, ತೊಳೆಯೋದು, ಹೊಸ ಕ್ಲೀನೌಟ್, ಕವಲು ತೆರೆಯೋದು, ಕಾಂಕ್ರೀಟ್ ಮತ್ತೆ ಹಾಕೋದು, ಪರೀಕ್ಷೆ, ಕೊನೆಯ ವಿಡಿಯೋ ಎಲ್ಲ ಸೇರಿದೆಯಾ ನೋಡಿ. ಅಗೆಯುವವರ ಕಮ್ಮಿ ಬೆಲೆಯಲ್ಲಿ ಡ್ರೈವ್‌ವೇ ಮತ್ತೆ ಹಾಕುವ ಖರ್ಚು ಇರುವುದೇ ಇಲ್ಲ, ಬಹಳ ಸಲ ವ್ಯತ್ಯಾಸ ಇರುವುದು ಅಲ್ಲೇ.

ಈಸ್ಟ್ ಬೇ ನೀರಿನ ಸಂಸ್ಥೆ ಈಬಿಮಡ್‌ನ ನಿಯಮ ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಮಳೆಗಾಲದಲ್ಲಿ ಬಿರುಕು ಪೈಪುಗಳಿಂದ ಮಳೆನೀರು ಒಳಚರಂಡಿಗೆ ನುಗ್ಗಿ, ಪೂರ್ತಿ ಶುದ್ಧವಾಗದ ಕೊಳಚೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೇರುತ್ತಿತ್ತು. ಅದನ್ನು ತಡೆಯಲು ಈ ನಿಯಮ ಬಂತು. ಮನೆ ಮಾರುವಾಗ, 1 ಲಕ್ಷ ಡಾಲರ್ ಮೀರಿದ ರಿಮಾಡೆಲ್ ಮಾಡುವಾಗ, ನೀರಿನ ಮೀಟರ್ ಗಾತ್ರ ಬದಲಿಸುವಾಗ, ಲ್ಯಾಟರಲ್ ಸೋರುವುದಿಲ್ಲ ಅಂತ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು. ಪೂರ್ತಿ ಬದಲಿಸಿದರೆ ಅದು 20 ವರ್ಷ ನಡೆಯುತ್ತದೆ, ರಿಪೇರಿ ಮಾಡಿಯೋ ಇದ್ದದ್ದನ್ನೇ ಪರೀಕ್ಷಿಸಿಯೋ ಪಡೆದರೆ 7 ವರ್ಷ. ಒಂದು ಕಡೆ ತೇಪೆ ಹಾಕಿದರೂ ಉಳಿದ ಜಾಯಿಂಟ್‌ಗಳು ಸೋರಿದರೆ ಪರೀಕ್ಷೆಯಲ್ಲಿ ಪಾಸಾಗದು. ಪ್ರತಿ ಕೊಟೇಶನ್‌ಗೂ ಕೇಳಿ: ಈ ಕೆಲಸಕ್ಕೆ ಸಿಗೋದು 20 ವರ್ಷದ್ದಾ, 7 ವರ್ಷದ್ದಾ? ರಿಜಿಸ್ಟ್ರೇಶನ್ ಗಡಿಬಿಡಿಯಲ್ಲಿದ್ದರೆ 4,500 ಡಾಲರ್ ಠೇವಣಿ ಇಟ್ಟು 180 ದಿನ ಸಮಯ ಕೇಳಲು ಅವಕಾಶ ಇದೆ. ಮೂರು ದಿನದಲ್ಲಿ ಸಹಿ ಹಾಕಿ ಅಂತ ಒತ್ತಾಯ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಬರ್ಕ್ಲಿಯಲ್ಲಿ ಇದಕ್ಕೆ ನಗರಸಭೆಯದೇ ಪ್ರತ್ಯೇಕ ನಿಯಮ. ಈಬಿಮಡ್ ವ್ಯಾಪ್ತಿಯ ಹೊರಗೆ, ಉದಾಹರಣೆಗೆ ನಮ್ಮವರು ಜಾಸ್ತಿ ಇರುವ ಫ್ರೀಮಾಂಟ್‌ನಲ್ಲಿ, ಒಳಚರಂಡಿ ಸಂಸ್ಥೆಯೇ ಬೇರೆ, ನಿಯಮವೂ ಬೇರೆ.

ಯಾರಿಗೆ ಯಾವುದು

ಮನೆ ಮಾರುತ್ತಿದ್ದೀರಿ, ಕಮ್ಮಿ ಖರ್ಚಲ್ಲಿ ಸರ್ಟಿಫಿಕೇಟ್ ಬೇಕು ಅಂದರೆ ಮೊದಲು ಇದ್ದ ಹಾಗೆಯೇ ಪರೀಕ್ಷೆ ಮಾಡಿಸಿ ನೋಡಿ. ಪಾಸಾದರೆ ಒಂದು ಡಾಲರ್ ಕೂಡ ಪೈಪಿಗೆ ಹಾಕಬೇಕಿಲ್ಲ. ಹತ್ತು ಹದಿನೈದು ವರ್ಷ ಇರುವವರು, ಪೈಪ್ ನೇರವಾಗಿದ್ದರೆ, ಬರ್ಸ್ಟಿಂಗ್‌ಗೆ ಹೋಗಿ. ಪೈಪ್ ಮನೆಯ ಕಾಂಕ್ರೀಟ್ ಕೆಳಗೋ, ಆಳದಲ್ಲೋ, ಗುಂಡಿ ತೋಡಲು ಜಾಗವೇ ಇಲ್ಲದ ಕಡೆಯೋ ಇದ್ದು, ಆಕಾರ ಚೆನ್ನಾಗಿದ್ದರೆ ಲೈನಿಂಗ್. ನೀರು ನಿಲ್ಲುತ್ತಿದ್ದರೆ ಅಗೆಸಿ, ಕೊನೇಪಕ್ಷ ಆ ಭಾಗವನ್ನಾದರೂ. ಕೈಯಲ್ಲಿ ದುಡ್ಡಿಲ್ಲ, ಮಾರುವ ಯೋಚನೆಯೂ ಇಲ್ಲ, ಪೈಪ್ ಕುಸಿದಿಲ್ಲ ಅಂದರೆ ತೊಳೆಸಿಕೊಂಡು ಒಂದೆರಡು ವರ್ಷ ದುಡ್ಡು ಕೂಡಿಸಿ. ಕೊಳಚೆ ಮನೆಯೊಳಗೆ ಉಕ್ಕಿ ಬರಲು ಶುರುವಾದರೆ ಮಾತ್ರ ಕಾಯಬೇಡಿ.

ಕೆಲಸ ಶುರುವಾಗುವ ಮುಂಚೆ 811ಕ್ಕೆ (ನೆಲದೊಳಗಿನ ಲೈನ್‌ಗಳನ್ನು ಗುರುತಿಸಿಕೊಡುವ ಸೇವೆಯ ನಂಬರ್) ತಿಳಿಸಿದ್ದಾರಾ, ಗ್ಯಾಸ್ ಮತ್ತು ನೀರಿನ ಲೈನಿನ ಬಣ್ಣದ ಗುರುತು ನೆಲದ ಮೇಲೆ ಬಿದ್ದಿದೆಯಾ ನೋಡಿ. ಕೆಲಸ ಮುಗಿದ ಮೇಲೆ ಮನೆಯಿಂದ ಮೇನ್‌ವರೆಗೆ ಮತ್ತೊಮ್ಮೆ ಕ್ಯಾಮೆರಾ ಬಿಡಿಸಿ, ಹಳೆ ವಿಡಿಯೋದಲ್ಲಿ ಬರೆದುಕೊಂಡ ಅಡಿಗಳಲ್ಲಿ ಈಗ ಏನು ಕಾಣುತ್ತಿದೆ ಅಂತ ಹೋಲಿಸಿ. ಕೊನೆಯ ಕಂತಿನ ದುಡ್ಡು ಅದಾದ ಮೇಲೆ ಕೊಡಿ.